ಅಜ್ಜನ ಮನೆಯ ತೊಟ್ಟಿ

ಮಲೆನಾಡಿನಲ್ಲಿ ರಜೆ ಕಳೆದು ಬೆಳೆದವರನ್ನು ಅಜ್ಜನ ಮನೆ ಹೇಗಿತ್ತೆಂದು ಕೇಳಿದರೆ ಅವರಲ್ಲಿ ಬಹಳ ಮಂದಿ ಮೊದಲು ನೆನೆಯುವುದು ಮಳೆಯನ್ನು. ಅದೂ ಮನೆಯ ಒಳಗೇ ಸುರಿಯುತ್ತಿದ್ದ ಮಳೆಯನ್ನು. ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದು, ನೀರೆಲ್ಲ ನಡುವಿನ ತಗ್ಗಾದ ಅಂಗಳಕ್ಕೆ ಬೀಳುತ್ತಿತ್ತು. ಸುತ್ತಲಿನ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಮಕ್ಕಳಿಗೆ ಕೈ ಚಾಚಿದರೆ ಮಳೆ, ಹಿಂದೆ ಸರಿದರೆ ಮನೆ. ಆ ಅಂಗಳವೇ ತೊಟ್ಟಿ. ಮನೆಗೆ ತೊಟ್ಟಿಮನೆ ಎಂಬ ಹೆಸರು ಬಂದದ್ದೂ ಅದರಿಂದಲೇ.

ಈ ವಿನ್ಯಾಸ ಮಲೆನಾಡಿನದಷ್ಟೇ ಅಲ್ಲ. ಕರಾವಳಿಯಲ್ಲಿ ಇದು ಚೌಕಿ ಮನೆ, ಕೇರಳದಲ್ಲಿ ನಾಲುಕೆಟ್ಟು. ಕೊಡವರ ಐನ್‌ಮನೆಗಳಲ್ಲಿಯೂ ನಡುವೆ ಆಕಾಶಕ್ಕೆ ತೆರೆದಂಥವು ಇವೆ. ಹಳೆ ಮೈಸೂರಿನ ಬಯಲು ಸೀಮೆಯಲ್ಲೂ ಇಂಥ ಮನೆಗಳು ಸಾಮಾನ್ಯವಾಗಿದ್ದವು. ಆದರೆ ಆಗುಂಬೆಯಂಥ ಕಡೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಲ್ಲಿ, ಮನೆಯ ನಡುವೆ ಮಾಡು ಹೊದಿಸದೆ ಬಿಟ್ಟದ್ದು ವಿಚಿತ್ರವೆನಿಸಬಹುದು. ಕಾರಣ ಸರಳ. ಹೊರಗೋಡೆ ದಪ್ಪ ಮಣ್ಣಿನದು. ಅದರಲ್ಲಿ ದೊಡ್ಡ ಕಿಟಕಿ ಇಟ್ಟರೆ ಗೋಡೆಗೂ ಅಪಾಯ, ಕಳ್ಳರಿಗೂ ಅನುಕೂಲ. ಹಾಗಾಗಿ ಬೆಳಕು, ಗಾಳಿ ಎಲ್ಲವೂ ನಡುವಿನಿಂದಲೇ ಬರಬೇಕಿತ್ತು. ಬಿದ್ದ ನೀರು ಕಲ್ಲಿನ ಕಾಲುವೆಯಲ್ಲಿ ಹೊರಗೆ ಹರಿದುಹೋಗುತ್ತಿತ್ತು. ತಗ್ಗು ಬಾಗಿಲುಗಳ ಬಗ್ಗೆ, ಬಂದವರು ತಲೆಬಾಗಿ ಬರಲೆಂದು ಹಾಗೆ ಮಾಡಿದ್ದು ಎಂಬ ಮಾತಿದೆ. ಮಾತು ಚೆನ್ನಾಗಿದೆ. ಮಣ್ಣಿನ ಗೋಡೆ ದೊಡ್ಡ ಕಂಡಿಯನ್ನು ತಾಳದು ಎಂಬುದನ್ನೂ ಜೊತೆಗೆ ನೆನೆಯಬೇಕು.

ಮಾಡಿನ ಭಾರ ಹೊರುತ್ತಿದ್ದುದು ಮರ. ಹಲಸು, ತೇಗ, ಬೀಟೆಯ ಕಂಬಗಳ ಮೇಲೆ ತೊಲೆ, ಅದರ ಮೇಲೆ ಉಪ್ಪರಿಗೆ, ಅಟ್ಟ. ಮೊದಲು ಹುಲ್ಲು, ಅಡಿಕೆ ಸೋಗೆ ಇಲ್ಲವೆ ನಾಡಹೆಂಚು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಮಂಗಳೂರು ಹೆಂಚು ಘಟ್ಟ ಹತ್ತಿತು. ಇಂದು ಹಲವರ ನೆನಪಿನಲ್ಲಿ ‘ಅನಾದಿ ಕಾಲದ್ದು’ ಎನಿಸುವ ಆ ಕೆಂಪು ಮಾಡು ಅಷ್ಟೇನೂ ಹಳೆಯದಲ್ಲ.

ಕನ್ನಡದ ಓದುಗರಿಗೆ ಇಂಥ ಮನೆಗಳಲ್ಲಿ ಅತ್ಯಂತ ಪರಿಚಿತವಾದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಪ್ಪಳಿಯ ಕೂಡುಕುಟುಂಬದ ದೊಡ್ಡ ಉಪ್ಪರಿಗೆ ಮನೆಯಲ್ಲಿ. ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಆ ಬಾಲ್ಯವನ್ನು ಹೇಳುತ್ತದೆ. ಮನೆ ಈಗ ಸ್ಮಾರಕ.

ಅವರ ಕಾದಂಬರಿಗಳನ್ನು ಓದಿದವರು ಇನ್ನೊಂದು ಸಂಗತಿಯನ್ನೂ ಗಮನಿಸಿರಬೇಕು. ತೊಟ್ಟಿಮನೆ ಮರಮಣ್ಣುಗಳ ಕಟ್ಟಡ ಮಾತ್ರವಲ್ಲ, ಯಾರು ಎಲ್ಲಿ ನಿಲ್ಲಬೇಕೆಂಬ ಕಟ್ಟಳೆ ಕೂಡ. ಜಗಲಿಯ ಮೇಲೆ ಒಡೆಯ ಮತ್ತು ಸರೀಕರು, ಕೆಳಗೆ ಹೊರ ಅಂಗಳದಲ್ಲಿ ಆಳುಗಳು; ಅವರಲ್ಲಿ ಕೆಲವರಿಗೆ ಹೆಬ್ಬಾಗಿಲೇ ಕೊನೆಯ ಗಡಿ. ಹೆಂಗಸರ ದಿನವೆಲ್ಲ ಅಡುಗೆಮನೆ, ಬಚ್ಚಲು, ಹಿತ್ತಿಲ ನಡುವೆ ಕಳೆಯುತ್ತಿತ್ತು. ಮುಟ್ಟಾದವರಿಗೆ ಮೂಲೆ ಬೇರೆ. ಹೊಗೆ ತುಂಬಿದ ಒಲೆಯ ಮುಂದೆ ಆಯುಸ್ಸು ಸವೆಸಿದ ಅಜ್ಜಿಗೆ ತೊಟ್ಟಿಯ ಅಂಚಿನಲ್ಲಿ ಕುಳಿತು ಮಳೆ ನೋಡುವ ಬಿಡುವು ಎಷ್ಟು ಸಿಕ್ಕಿದ್ದೀತು?

ಈ ಗೆರೆಗಳನ್ನೆಲ್ಲ ದಾಟಿ ಓಡಾಡಲು ಸಲುಗೆ ಇದ್ದದ್ದು ಮನೆಯ ಮೊಮ್ಮಕ್ಕಳಿಗೆ. ಅಜ್ಜನ ಜಗಲಿಯಿಂದ ಅಜ್ಜಿಯ ಒಲೆಯವರೆಗೆ, ಅಲ್ಲಿಂದ ಮಾವಿನಹಣ್ಣು ಹಣ್ಣಾಗಿಸಲು ಇಟ್ಟ ಅಟ್ಟದವರೆಗೆ ಅವರಿಗೆ ತಡೆಯಿಲ್ಲ. ಆದ್ದರಿಂದಲೇ ಅವರ ನೆನಪಿನಲ್ಲಿ ಮನೆ ಅಷ್ಟು ವಿಶಾಲ. ಅದೇ ಅಂಗಳದಲ್ಲಿ ನಿಂತು ಹೋದ ಆಳಿನ ಮಗನನ್ನು ಕೇಳಿದ್ದರೆ ಆತ ಅದೇ ಮನೆಯ ಬೇರೊಂದು ಅಳತೆ ಕೊಡುತ್ತಿದ್ದ. ಆ ಅಳತೆ ಬರಹಕ್ಕೆ ಇಳಿದದ್ದು ಕಡಿಮೆ.

ವರ್ಷವೂ ಹೆಂಚು ಕೈಯಾಡಿಸಿ, ಗೋಡೆ ಮೆತ್ತಿ, ನೆಲ ಸಾರಿಸಿದರೆ ಮಾತ್ರ ಇಂಥ ಮನೆ ಉಳಿಯುತ್ತದೆ. ಅದಕ್ಕೆ ಬೇಕಾದ ಕೈಗಳು ಬರುತ್ತಿದ್ದುದು ಗೇಣಿ ಮತ್ತು ಕೂಡುಕುಟುಂಬಗಳ ವ್ಯವಸ್ಥೆಯಿಂದ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಶರಾವತಿ ಕಣಿವೆಯ ಮನೆಗಳು ಊರುಗಳೊಡನೆ ಮುಳುಗಿದವು. ಮುಳುಗದೆ ಉಳಿದ ಕಡೆ, 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಿಂದ ಉಳುವವನಿಗೆ ಭೂಮಿ ಬಂತು. ಅದು ನ್ಯಾಯವೇ. ಆದರೆ ಗೇಣಿಯ ಅಕ್ಕಿ ತುಂಬುತ್ತಿದ್ದ ಕಣಜ ಬರಿದಾಯಿತು. ಅಣ್ಣತಮ್ಮಂದಿರು ಪಾಲಾದರು, ಕೆಲವೆಡೆ ತೊಟ್ಟಿಯ ನಡುವೆಯೇ ಗೋಡೆ ಎದ್ದಿತು. ಮಕ್ಕಳು ಬೆಂಗಳೂರಿಗೆ ಹೋದರು. ಕಂಬಗಳು ಹಳೆಯ ಸಾಮಾನಿನ ವ್ಯಾಪಾರಿಗೆ ಹೋದವು.

ಹೀಗೆ ಕಳಚಿಹೋಗುತ್ತಿದ್ದ ಮನೆಗಳಲ್ಲಿ ಕೆಲವನ್ನು ಉಳಿಸಿದವರು ವಿಜಯನಾಥ ಶೆಣೈ. ಬೇರೆ ಬೇರೆ ಊರುಗಳ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ ಅವುಗಳಲ್ಲೊಂದು. ಶೆಣೈ 2017ರಲ್ಲಿ ತೀರಿಕೊಂಡರು. ಕಂಬ, ತೊಲೆ, ಬಾಗಿಲುವಾಡಗಳನ್ನು ಹೀಗೆ ಬಿಚ್ಚಿ ಬೇರೆಡೆ ಜೋಡಿಸಬಹುದು. ಮಣ್ಣಿನ ಗೋಡೆಯನ್ನು ಬಿಚ್ಚಲಾಗುವುದಿಲ್ಲ. ಮಾಡು ಹೋದ ಮೇಲೆ ಕೆಲವು ಮಳೆಗಾಲಗಳಲ್ಲಿ ಅದು ಕರಗಿ ನೆಲ ಸೇರುತ್ತದೆ. ಮಲೆನಾಡಿನ ಅಂಥ ಪಾಳುಗಳಲ್ಲಿ ಕೊನೆಗೆ ಕಾಣಸಿಗುವುದು ಕಲ್ಲು ಕಟ್ಟಿದ ಒಂದು ಚೌಕ ಮತ್ತು ಅದರ ಮೂಲೆಯಲ್ಲಿ ನೀರು ಹೋಗಲು ಬಿಟ್ಟ ತೂತು.