ಇಂಡಿಯಾನಾ ಜೋನ್ಸ್: ದಿ ಪಿನ್‌ಬಾಲ್ ಅಡ್ವೆಂಚರ್

ಅಮೆರಿಕದ ವಿಲಿಯಮ್ಸ್ ಕಂಪನಿ 1993ರಲ್ಲಿ ಹೊರತಂದ ಪಿನ್‌ಬಾಲ್ ಯಂತ್ರ. ವಿನ್ಯಾಸಕ ಮಾರ್ಕ್ ರಿಚಿ. ತಯಾರಾದದ್ದು 12,716 ಯಂತ್ರಗಳು.

ಓರೆ ಹಲಗೆಯ ಮೇಲೆ ಉರುಳಿಬರುವ ಉಕ್ಕಿನ ಗುಂಡು ಕೆಳಗೆ ಜಾರಿಹೋಗದಂತೆ ಫ್ಲಿಪ್ಪರ್ ಎಂಬ ಪುಟ್ಟ ತೋಳುಗಳಿಂದ ಹೊಡೆದು ಮೇಲಕ್ಕಟ್ಟುವುದೇ ಪಿನ್‌ಬಾಲ್. ಈ ಯಂತ್ರದ ಹಲಗೆ ಮಾಮೂಲಿಗಿಂತ ಅಗಲ. ಸ್ಪ್ರಿಂಗ್ ಹಿಡಿಯ ಜಾಗದಲ್ಲಿ ಪಿಸ್ತೂಲು ಇದ್ದು, ಅದರ ಕುದುರೆ ಎಳೆದರೆ ಗುಂಡು ಚಿಮ್ಮುತ್ತದೆ. ಎಡಮೇಲ್ಭಾಗದ ಪುಟ್ಟ ಹಲಗೆಯನ್ನು ಆಟಗಾರನೇ ಎಡಕ್ಕೂ ಬಲಕ್ಕೂ ವಾಲಿಸಿ, ತೂತುಗಳನ್ನು ತಪ್ಪಿಸುತ್ತ ಗುಂಡನ್ನು ಇಳಿಸಬೇಕು; ಇಡೀ ಯಂತ್ರದ ಸೊಗಸು ಇಲ್ಲಿದೆ. ಒಮ್ಮೊಮ್ಮೆ ಆರು ಗುಂಡುಗಳು ಒಟ್ಟಿಗೆ ಓಡುತ್ತವೆ, ಆಗ ಕೈಗೆ ಬಿಡುವೇ ಇಲ್ಲ.

ಪುರಾತತ್ತ್ವಜ್ಞ ಇಂಡಿಯಾನಾ ಜೋನ್ಸ್‌ನ ಸಾಹಸಗಳ ಬಗ್ಗೆ ಅಲ್ಲಿಯವರೆಗೆ ತೆರೆಕಂಡಿದ್ದ ಮೂರೂ ಚಿತ್ರಗಳ ಪ್ರಸಂಗಗಳು ಆಟದಲ್ಲಿ ಬರುತ್ತವೆ. ನಮಗೆ ಹತ್ತಿರದ್ದು ಎರಡನೆಯದು, 1984ರ ‘ಟೆಂಪಲ್ ಆಫ್ ಡೂಮ್’. ಗಣಿಯ ಹಳಿಗಳ ಮೇಲೆ ತಳ್ಳುಬಂಡಿ ದೌಡಾಯಿಸುವ ಅದರ ದೃಶ್ಯ ಯಂತ್ರದ ಚುಕ್ಕಿಪರದೆಯಲ್ಲಿ ಪ್ರತ್ಯೇಕ ಆಟವಾಗಿದೆ. ಈ ಚಿತ್ರದ ಖಳನಾಯಕ ಮೋಲಾ ರಾಮ್ ಆಗಿ ನಟಿಸಿದ ಅಮರೀಶ್ ಪುರಿ ಅದಕ್ಕೂ ಮೊದಲೇ, 1973ರಲ್ಲಿ, ಗಿರೀಶ ಕಾರ್ನಾಡರ ‘ಕಾಡು’ ಚಿತ್ರದಲ್ಲಿ ಕನ್ನಡಿಗರಿಗೆ ಪರಿಚಿತರಾಗಿದ್ದರು.

‘ಟೆಂಪಲ್ ಆಫ್ ಡೂಮ್’ನ ಕಥೆ ಭಾರತದ್ದಾದರೂ ಇಲ್ಲಿ ಚಿತ್ರೀಕರಣಕ್ಕೆ ಒಪ್ಪಿಗೆ ದೊರೆಯದೆ ತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಭಾರತೀಯರನ್ನು ಚಿತ್ರಿಸಿದ ರೀತಿಗೆ ಬಂದ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಪುರಾತತ್ತ್ವ ಸಾಹಸದ ಇನ್ನೊಂದು ಚಿತ್ರ, ಜಾಕಿ ಚಾನ್ ಅವರ ‘ದಿ ಮಿಥ್’ (2005), ಅದರ ಕೆಲವು ದೃಶ್ಯಗಳು ಹಂಪಿಯಲ್ಲೇ ಚಿತ್ರೀಕರಣಗೊಂಡವು.