ಬಾಕಿ ಉಳಿಯುವ ಮುಯ್ಯಿ: ಕುದುರೆಮುಖದ ತಪ್ಪಲಿನಲ್ಲಿ ಉಡುಗೊರೆ ಮತ್ತು ಬಾಂಧವ್ಯ

ಲೆಕ್ಕವಿಟ್ಟರೆ ಪ್ರೀತಿ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಳಸ, ಮೂಡಿಗೆರೆ ಸೀಮೆಯ ಮುಯ್ಯಿ ಪದ್ಧತಿಯನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮದುವೆಮನೆಯ ಚಪ್ಪರದ ಬದಿಯಲ್ಲಿ ಮನೆಗೆ ಬೇಕಾದವರೊಬ್ಬರು ನೋಟ್ ಪುಸ್ತಕ ಹಿಡಿದು ಕೂರುತ್ತಾರೆ. ಕೊಟ್ಟವರ ಹೆಸರು, ಊರು, ಮೊತ್ತ ಅದರಲ್ಲಿ ಸೇರುತ್ತವೆ. ಐನೂರು ಕೊಡುವವರು ಐನೂರ ಒಂದು ಬರೆಸುತ್ತಾರೆ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಪುಸ್ತಕ ಪೆಟ್ಟಿಗೆಯಿಂದ ಹೊರಬರುತ್ತದೆ. ಹಿಂದೆ ಬಂದದ್ದಕ್ಕೆ ತುಸು ಸೇರಿಸಿಯೇ ಮುಯ್ಯಿ ತೀರಿಸುವುದು ರೂಢಿ. ಸೇರಿಸಿದ್ದು ಈಗ ಅವರ ಮೇಲಿನ ಬಾಕಿ. ಹೀಗೆ ಲೆಕ್ಕ ಚುಕ್ತಾ ಆಗುವುದೇ ಇಲ್ಲ, ಆಗಲೂಬಾರದು. ಪಡೆದಷ್ಟನ್ನೇ ಮಾರನೇ ದಿನ ಮರಳಿಸಿದರೆ ನಿಮ್ಮ ಸಹವಾಸ ಸಾಕು ಎಂದಂತೆ.

ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೋಸ್, 1925ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳನ್ನು ಗುರುತಿಸಿದರು. ಮುಯ್ಯಿಯಲ್ಲಿ ನನಗೆ ಎದ್ದು ಕಾಣುವುದು ಅವುಗಳ ನಡುವಿನ ಕಾಲಾವಕಾಶ. ಸಂಬಂಧ ಬೆಳೆಯುವುದು ಅಲ್ಲಿಯೇ.

ನಾಟಿಯ ಕಾಲದ ಮುಯ್ಯಾಳಿಗೂ ಇದೇ ನಿಯಮ. ಒಂದು ಮನೆಯಿಂದ ಹೋದ ಆಳಿಗೆ ಆಳೇ ಬರಬೇಕು. ಕೂಲಿ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಗದ್ದೆಗಳು ಅಡಿಕೆ, ಕಾಫಿಗೆ ತಿರುಗಿದಂತೆ ಈ ವಾಡಿಕೆ ಸೊರಗಿದೆ.

ತೋಟದ ಧಣಿ ಹಬ್ಬಕ್ಕೆ ಕಾರ್ಮಿಕರ ಲೈನ್ ಮನೆಗಳಿಗೆ ಕೊಡುವ ಬಟ್ಟೆಯ ಸ್ವರೂಪವೇ ಬೇರೆ. ಕೊಟ್ಟವರ ಮನಸ್ಸು ಒಳ್ಳೆಯದಿದ್ದರೂ ಪಡೆದವರಿಗೆ ಅದನ್ನು ಸಮನಾಗಿ ಮರಳಿಸುವ ದಾರಿಯಿಲ್ಲ. ಉಳಿಯುವುದು ಋಣದ ಭಾರ. ಉಡುಗೊರೆ ನೋಯಿಸುವುದು ಲೆಕ್ಕದಿಂದಲ್ಲ, ಮರಳಿಸಲಾಗದ ಸ್ಥಿತಿಯಿಂದ ಎಂಬುದು ನನ್ನ ವಾದ.

ಮುಯ್ಯಿಯ ಈ ದೃಷ್ಟಿಯಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪುನರ್ವಸತಿಯನ್ನು ಮತ್ತೊಮ್ಮೆ ನೋಡಬೇಕು. 1987ರಲ್ಲಿ ಘೋಷಣೆಯಾದ ಉದ್ಯಾನದ ಒಳಗಿನಿಂದ ಹೊರಬಂದ ಕುಟುಂಬಗಳ ಜಮೀನು, ಮನೆ, ಮರಗಿಡಗಳಿಗೆ ಬೆಲೆ ಕಟ್ಟಬಹುದು. ಊರಿನಿಂದ ಅವರಿಗೆ ಬರಬೇಕಾದ ಮುಯ್ಯಿಗೆ ಯಾವ ನಮೂನೆಯಲ್ಲೂ ಕಾಲಂ ಇರುವುದಿಲ್ಲ. ಮಗಳ ಮದುವೆಗೆ ಒದಗುತ್ತದೆಂದು ವರ್ಷಗಟ್ಟಲೆ ಕೊಟ್ಟುಕೊಂಡು ಬಂದ ಮನೆಗೆ ಅದು ಸಣ್ಣ ನಷ್ಟವಲ್ಲ. ಹಣವನ್ನು ಇಂದು ಫೋನ್‌ನಲ್ಲೇ ಕಳಿಸಬಹುದು; ಚಪ್ಪರ ಹಾಕಲು, ಅಡುಗೆಗೆ ಕೈಜೋಡಿಸಲು ಜನ ಹತ್ತಿರವೇ ಇರಬೇಕು. ಕೊಡುಕೊಳ್ಳುವಿಕೆಯಿದ್ದ ಮನೆಗಳನ್ನು ಗುರುತಿಸಿ ಒಂದೇ ಕಡೆ ನೆಲೆಗೊಳಿಸಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ಯಾವ ಮನೆಗೆ ಯಾವ ಮನೆ ಬೇಕೆಂಬ ವಿವರ ಆ ನೋಟ್ ಪುಸ್ತಕಗಳಲ್ಲೇ ಇದೆ.