ಟೆಸ್ಟ್ ಎಂಬ ಮಣ್ಣಿನ ಬಟ್ಟಲು

ಟೆಸ್ಟ್ ಎಂದರೆ ಮೊದಲಿಗೆ ಒಂದು ಪಾತ್ರೆ. ದಪ್ಪ ತಳದ, ಆಳವಿಲ್ಲದ, ಬೆಂಕಿಗೆ ಅಂಜದ ಬಟ್ಟಲು. ಲ್ಯಾಟಿನ್ನಿನಲ್ಲಿ ಸುಟ್ಟ ಮಣ್ಣಿನ ಪಾತ್ರೆಗೆ ‘ಟೆಸ್ಟಮ್’ ಎನ್ನುತ್ತಿದ್ದರು. ಅದರ ಒಡಹುಟ್ಟಿದ ಪದ ‘ಟೆಸ್ಟಾ’ಕ್ಕೆ ಹೆಂಚು, ಬೋಕಿ, ಚಿಪ್ಪು ಎಂಬ ಅರ್ಥಗಳಿದ್ದವು. ರೋಮಿನ ಜನ ತಮಾಷೆಗೆ ತಲೆಯನ್ನೂ ಟೆಸ್ಟಾ ಎಂದು ಕರೆದರು. ಇವತ್ತಿನ ಫ್ರೆಂಚರು ತಲೆಗೆ ಹೇಳುವ ‘ತೆತ್’ ಹುಟ್ಟಿದ್ದು ಆ ತಮಾಷೆಯಿಂದ. ಸೋರೆ ಬುರುಡೆ, ತಲೆ ಬುರುಡೆ ಎರಡನ್ನೂ ಒಂದೇ ಬಾಯಲ್ಲಿ ಹೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬರುವ ಹೊತ್ತಿಗೆ ಈ ಪದ ಬೆಳ್ಳಿ ಬಂಗಾರ ಶೋಧಿಸುವವರ ಕೈ ಸೇರಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ರಸವಾದಿಯೊಬ್ಬನ ಆಳು ಬರುತ್ತಾನೆ. ಹೊಗೆ ಕುಡಿದು ಮುಖ ಕಳೆಗೆಟ್ಟ ಆತ ತನ್ನ ಧಣಿಯ ಸಾಮಾನುಗಳನ್ನೆಲ್ಲ ಒಂದೇ ಉಸಿರಿಗೆ ಒದರುವಾಗ, ಆ ಪಟ್ಟಿಯಲ್ಲಿ ಟೆಸ್ಟುಗಳೂ ಇರುತ್ತವೆ. ಪರೀಕ್ಷೆ ಎಂಬ ಅರ್ಥ ಆಗಿನ್ನೂ ಅದಕ್ಕೆ ಅಂಟಿರಲಿಲ್ಲ.

ಈ ಬಟ್ಟಲು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪದದ ಮುಂದಿನ ಬದುಕೆಲ್ಲ ಅದರೊಳಗಿದೆ. ಶುದ್ಧವೋ ಅಲ್ಲವೋ ಗೊತ್ತಿಲ್ಲದ ಬಂಗಾರವನ್ನು ಸೀಸದ ಜೊತೆ ಸೇರಿಸಿ, ಮೂಳೆಯ ಬೂದಿಯಿಂದ ಮಾಡಿದ ಬಟ್ಟಲಿನಲ್ಲಿಟ್ಟು, ಗಾಳಿಯಾಡುವ ಕುಲುಮೆಯಲ್ಲಿ ಕಾಯಿಸುತ್ತಾರೆ. ಶಾಖ ಸಾವಿರ ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸೀಸ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ತೆಳ್ಳಗಿನ ದ್ರವವಾಗುತ್ತದೆ, ತಾಮ್ರದಂಥ ಕೀಳು ಲೋಹಗಳನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ದ್ರವವನ್ನು ಬಟ್ಟಲೇ ಕುಡಿದುಬಿಡುತ್ತದೆ. ಕೊನೆಗೆ ತಳದಲ್ಲಿ ಥಟ್ಟನೆ ಹೊಳೆಯುವ ಒಂದು ಮಣಿ ಉಳಿಯುತ್ತದೆ, ಬಂಗಾರ ಮತ್ತು ಬೆಳ್ಳಿ ಮಾತ್ರ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗಿ ಬಂಗಾರ ಒಂಟಿಯಾಗುತ್ತದೆ. ತೂಗಿ ನೋಡಿದರೆ ಮೊದಲಿನ ತುಂಡಿನಲ್ಲಿ ಎಷ್ಟು ಅಪ್ಪಟವಿತ್ತು ಎಂಬ ಲೆಕ್ಕ ಸಿಗುತ್ತದೆ.

ಪರೀಕ್ಷಿಸುವುದೂ ಶುದ್ಧಗೊಳಿಸುವುದೂ ಇಲ್ಲಿ ಒಂದೇ ಕ್ರಿಯೆ. ಕನ್ನಡದ ಅಕ್ಕಸಾಲಿಗರ ಮಾತಿನಲ್ಲಿ ಇವೆರಡು ಬೇರೆ ಬೇರೆ. ಒರೆಗೆ ಹಚ್ಚುವುದೆಂದರೆ ಕರಿಯ ಕಲ್ಲಿನ ಮೇಲೆ ಗೆರೆ ಎಳೆದು ಬಣ್ಣ ನೋಡುವುದು. ಚಿನ್ನ ಇದ್ದಂತೆಯೇ ಇರುತ್ತದೆ. ಪುಟಕ್ಕಿಡುವುದೆಂದರೆ ಸುಡುವುದು, ಹೋದ ಚಿನ್ನ ಬೇರೆ, ಬಂದ ಚಿನ್ನ ಬೇರೆ. ಇಂಗ್ಲಿಷಿನ ಟೆಸ್ಟ್ ಹುಟ್ಟಿದ್ದು ಪುಟದ ಮನೆಯಲ್ಲಿ. ಆರು ಶತಮಾನಗಳಲ್ಲಿ ಅದು ಒರೆಗಲ್ಲಿನ ಮನೆಗೆ ದತ್ತು ಹೋಯಿತು ಎಂಬುದು ನನ್ನ ಓದು.

ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಪಾತ್ರೆಯ ಹೆಸರು ಅದರೊಳಗಿನ ಕ್ರಿಯೆಗೂ, ಅಲ್ಲಿಂದ ಮನುಷ್ಯರ ಯೋಗ್ಯತೆಯನ್ನು ನೋಡುವುದಕ್ಕೂ ಹಬ್ಬಿತ್ತು. ಶೇಕ್ಸ್‌ಪಿಯರ್‌ನ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಅಧಿಕಾರ ಕೈಗೆ ಬರುವ ಗಳಿಗೆಯಲ್ಲಿ ಆ್ಯಂಜೆಲೊ, ತನ್ನ ಲೋಹವನ್ನು ಇನ್ನಷ್ಟು ಟೆಸ್ಟ್ ಮಾಡಿದ ಮೇಲೆ ಅದರ ಮೇಲೆ ಮುದ್ರೆ ಒತ್ತಬಹುದಿತ್ತಲ್ಲ ಎಂದು ಸಂಕೋಚಪಡುತ್ತಾನೆ. ನಾಣ್ಯದ ಟಂಕಸಾಲೆಯ ಮಾತು ಅದು. ಅವನ ಲೋಹ ಎಷ್ಟು ಕೀಳು ಎಂಬುದನ್ನು ಉಳಿದ ನಾಟಕ ತೋರಿಸುತ್ತದೆ.

ರೂಪಕವಾಗಿದ್ದುದು ಕಾನೂನಾದದ್ದು 1673ರಲ್ಲಿ. ಎರಡನೆಯ ಚಾರ್ಲ್ಸ್ ದೊರೆಯ ಕಾಲದ ಇಂಗ್ಲೆಂಡಿನಲ್ಲಿ ಸಂಸತ್ತು ಟೆಸ್ಟ್ ಆ್ಯಕ್ಟ್ ಎಂಬ ಕಾಯ್ದೆ ತಂದಿತು. ಸರ್ಕಾರಿ ಹುದ್ದೆ ಬೇಕಾದವರು ಇಂಗ್ಲೆಂಡಿನ ಚರ್ಚಿನ ಪದ್ಧತಿಯಂತೆ ಪ್ರಭುಭೋಜನ ಸ್ವೀಕರಿಸಬೇಕು, ಆ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿ ಮಾಂಸ ರಕ್ತವಾಗುವುದಿಲ್ಲವೆಂದು ಸಹಿ ಹಾಕಬೇಕು. ಕ್ಯಾಥೊಲಿಕರು ಇದನ್ನು ಮಾಡಲಾರರು ಎಂಬ ಖಾತ್ರಿಯ ಮೇಲೆಯೇ ಕಾಯ್ದೆ ನಿಂತಿತ್ತು. ದೊರೆಯ ತಮ್ಮ, ಮುಂದೆ ತಾನೇ ದೊರೆಯಾದ ಜೇಮ್ಸ್, ನೌಕಾಪಡೆಯ ಮುಖ್ಯಸ್ಥನ ಹುದ್ದೆಯನ್ನು ಬಿಟ್ಟುಕೊಟ್ಟ. ಅವನ ಗುಟ್ಟು ಊರಿಗೆಲ್ಲ ಗೊತ್ತಾಯಿತು. 1828ರವರೆಗೂ ಈ ಕಾಯ್ದೆ ಪುಸ್ತಕದಲ್ಲಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಇದೇ ಬಗೆಯ ಧಾರ್ಮಿಕ ಟೆಸ್ಟುಗಳು ಬಹುಮಟ್ಟಿಗೆ ಹೋದದ್ದು 1871ರಲ್ಲಿ. ಅಮೆರಿಕದವರು 1787ರಲ್ಲಿ ಸಂವಿಧಾನ ಬರೆಯುವಾಗ ಯಾವ ಹುದ್ದೆಗೂ ಧರ್ಮದ ಟೆಸ್ಟ್ ಇರಕೂಡದೆಂದು ಅದೇ ಪದ ಬಳಸಿ ಬರೆದಿಟ್ಟರು. ಬಟ್ಟಲು ಇಲ್ಲಿ ಜರಡಿಯಾಗಿದೆ. ಒಳಗೆ ಹೋದವನನ್ನು ಶುದ್ಧ ಮಾಡುವ ಆಸೆ ಯಾರಿಗೂ ಇರಲಿಲ್ಲ, ಹೊರಗಿಡುವುದಷ್ಟೇ ಬೇಕಿತ್ತು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ರೊಟೆಸ್ಟ್, ಕಾಂಟೆಸ್ಟ್, ಟೆಸ್ಟಮೆಂಟ್, ಗೆಜೆಟೆಡ್ ಅಧಿಕಾರಿಯ ಬಾಗಿಲಲ್ಲಿ ಕಾದು ಮಾಡಿಸಿಕೊಳ್ಳುತ್ತಿದ್ದ ಅಟೆಸ್ಟ್, ಇವು ಯಾವುವೂ ನಮ್ಮ ಬಟ್ಟಲಿನ ನೆಂಟರಲ್ಲ. ಅವುಗಳ ಮೂಲ ‘ಟೆಸ್ಟಿಸ್’, ಅಂದರೆ ಸಾಕ್ಷಿ. ಬೇರೆ ಮನೆತನ. ಆದರೂ ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯದಲ್ಲಿ ಈ ಎರಡು ಮನೆತನಗಳ ಭೇಟಿಯಾಯಿತು. 1832ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬಾಡಲ್ ಎಂಬವನ ಮೇಲೆ ಅಜ್ಜನಿಗೆ ವಿಷ ಹಾಕಿದ ಆರೋಪ ಬಂತು. ರಸಾಯನಜ್ಞ ಜೇಮ್ಸ್ ಮಾರ್ಷ್ ಆರ್ಸೆನಿಕ್ ಇರುವುದನ್ನು ಕಂಡುಹಿಡಿದ, ಆದರೆ ಅವನು ಬರಿಸಿದ ಹಳದಿ ಗಸಿ ಪಂಚರ ಕಣ್ಣಿಗೆ ಬೀಳುವಷ್ಟರಲ್ಲಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ತಪ್ಪೊಪ್ಪಿಕೊಂಡ. ಸಿಟ್ಟಿಗೆದ್ದ ಮಾರ್ಷ್ 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ: ವಿಷವಿದ್ದರೆ ಗಾಜಿನ ಮೇಲೆ ಕನ್ನಡಿಯಂಥ ಕಪ್ಪು ಪೊರೆ ಕೂರುತ್ತದೆ, ಅಳಿಸುವುದಿಲ್ಲ. 1840ರಲ್ಲಿ ಫ್ರಾನ್ಸಿನ ಲಫಾರ್ಜ್ ಕೊಲೆ ಮೊಕದ್ದಮೆಯಲ್ಲಿ ಇದೇ ಮಾರ್ಷ್ ಟೆಸ್ಟ್ ಆರೋಪಿಯ ಹಣೆಬರಹ ಬರೆಯಿತು. ಬಾಯಿಲ್ಲದ ಗಾಜಿನ ಚೂರು ಸಾಕ್ಷಿ ಹೇಳಿತು. ಅಂದಿನಿಂದ ಟೆಸ್ಟ್ ಎಂದರೆ ಉತ್ತರ ‘ಇದೆ’ ಅಥವಾ ‘ಇಲ್ಲ’. ಎಷ್ಟು ಅಪ್ಪಟ ಎಂಬ ಹಳೆಯ ಪ್ರಶ್ನೆ ಹಿಂದೆ ಸರಿಯಿತು.

ಆಸಿಡ್ ಟೆಸ್ಟ್ ಎಂಬ ನುಡಿಗಟ್ಟೂ ಬಂಗಾರದ್ದೇ. ನೈಟ್ರಿಕ್ ಆಮ್ಲದ ಹನಿ ಬಿದ್ದರೆ ನಕಲಿ ನೊರೆಯುಕ್ಕುತ್ತದೆ, ಅಸಲಿ ಸುಮ್ಮನಿರುತ್ತದೆ. ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ 1918ರ ಜನವರಿಯಲ್ಲಿ ತನ್ನ ಹದಿನಾಲ್ಕು ಅಂಶಗಳನ್ನು ಮಂಡಿಸುತ್ತಾ, ರಷ್ಯಾವನ್ನು ಬೇರೆ ದೇಶಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದೇ ಅವುಗಳ ಸದ್ಭಾವನೆಯ ಆಸಿಡ್ ಟೆಸ್ಟ್ ಎಂದ. ಬಿ.ಕಾಂ. ವಿದ್ಯಾರ್ಥಿಗಳು ಅದನ್ನು ಬ್ಯಾಲೆನ್ಸ್ ಶೀಟಿನ ಒಂದು ಅನುಪಾತವಾಗಿ ಬಾಯಿಪಾಠ ಮಾಡುತ್ತಾರೆ. ನಮ್ಮ ಪತ್ರಿಕೆಗಳಿಗೆ ಬಂದಾಗ ಮಾತ್ರ ಅದು ಆಮ್ಲವನ್ನು ಬಿಟ್ಟು ‘ಅಗ್ನಿಪರೀಕ್ಷೆ’ಯಾಯಿತು. ಉಪಚುನಾವಣೆ ಬಂದರೆ ಸರ್ಕಾರಕ್ಕೆ ಅಗ್ನಿಪರೀಕ್ಷೆ, ಬಜೆಟ್ ಬಂದರೆ ಅಗ್ನಿಪರೀಕ್ಷೆ. ಸೀತೆಯನ್ನು ಇಷ್ಟು ಅಗ್ಗ ಮಾಡಿದ ಶೀರ್ಷಿಕೆಗಳ ಬಗ್ಗೆ ನನಗೆ ತಕರಾರಿದೆ. ಆದರೆ ಪದ ತಾನು ಹುಟ್ಟಿದ ಕುಲುಮೆಯ ಬೆಂಕಿಗೆ ಮರಳಿದ್ದು ಕನ್ನಡದಲ್ಲಿ, ಅದನ್ನೂ ಒಪ್ಪಬೇಕು.

ಕ್ರಿಕೆಟ್ಟಿಗೆ ಟೆಸ್ಟ್ ಬಂದದ್ದು ಆಸ್ಟ್ರೇಲಿಯಾದಲ್ಲಿ. 1861–62ರಲ್ಲಿ ಎಚ್.ಎಚ್. ಸ್ಟೀಫನ್‌ಸನ್ ನಾಯಕತ್ವದ ಇಂಗ್ಲಿಷ್ ತಂಡ ಅಲ್ಲಿಗೆ ಹೋದಾಗ, ಸ್ಥಳೀಯರ ಬಲ ಎಷ್ಟೆಂದು ತಿಳಿಯುವ ಪಂದ್ಯಗಳನ್ನು ಹ್ಯಾಮರ್ಸ್ಲಿ ಎಂಬ ಲೇಖಕ ಟೆಸ್ಟ್ ಮ್ಯಾಚ್ ಎಂದು ಕರೆದ. ಹನ್ನೊಂದು ಇಂಗ್ಲಿಷರ ಎದುರು ಹದಿನೆಂಟೋ ಇಪ್ಪತ್ತೆರಡೋ ಜನ ಆಡುತ್ತಿದ್ದ ಕಾಲ ಅದು. 1877ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಪಂದ್ಯವನ್ನು ಈಗ ಮೊದಲ ಟೆಸ್ಟ್ ಎನ್ನುತ್ತೇವೆ. ಆಡಿದವರಿಗೆ ಅದು ಗೊತ್ತೇ ಇರಲಿಲ್ಲ! ಅಡಿಲೇಡಿನ ಪತ್ರಕರ್ತ ಕ್ಲಾರೆನ್ಸ್ ಮೂಡಿ 1890ರ ದಶಕದಲ್ಲಿ ಕೂತು ಪಟ್ಟಿ ಮಾಡಿದ ಮೇಲೆ ಆ ಪಂದ್ಯಕ್ಕೆ ಆ ಪಟ್ಟ ಸಿಕ್ಕಿತು. ಬೆಂಗಳೂರಿನ ಮೊದಲ ಟೆಸ್ಟ್ 1974ರ ನವೆಂಬರ್ 22ರಂದು ಶುರುವಾಯಿತು. ಅಲ್ಲಿ ಮೊದಲ ಬಾರಿ ಕಣಕ್ಕಿಳಿದ ವೆಸ್ಟ್ ಇಂಡೀಸಿನ ಇಬ್ಬರಲ್ಲಿ ಗ್ರೀನಿಜ್ 93 ಮತ್ತು 107 ಹೊಡೆದರು. ವಿವಿಯನ್ ರಿಚರ್ಡ್ಸ್ ಎರಡೂ ಸಲ ನಮ್ಮ ಚಂದ್ರಶೇಖರ್‌ಗೆ ಬಲಿಯಾಗಿ 4 ಮತ್ತು 3ಕ್ಕೆ ಮರಳಿದರು. ಟೆಸ್ಟ್ ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆ ಕೇಳುವವರಿಗೆ ಈ ಸ್ಕೋರ್‌ಕಾರ್ಡ್ ತೋರಿಸಬೇಕು.

ಶಾಲೆಗೆ ಬರೋಣ. ಎಕ್ಸಾಮ್ ಎಂಬ ಪದದ ಬೇರು ಲ್ಯಾಟಿನ್ನಿನ ತಕ್ಕಡಿಯ ಮುಳ್ಳಿನಲ್ಲಿದೆ. ಚಿನ್ನದ ಶೋಧನೆಗೆ ಹೇಳುವ ‘ಅಸ್ಸೇ’ಯೂ ಪ್ರಬಂಧಕ್ಕೆ ಹೇಳುವ ‘ಎಸ್ಸೇ’ಯೂ ಮೂಲದಲ್ಲಿ ಒಂದೇ ಪದ, ತೂಗಿ ನೋಡುವುದು ಎಂದರ್ಥ. ಇದನ್ನು ಬರೆಯುತ್ತಿರುವವನೂ ಆ ಲೆಕ್ಕದಲ್ಲಿ ತಕ್ಕಡಿ ಹಿಡಿದವನೇ. ನಮ್ಮ ‘ಪರೀಕ್ಷೆ’ ಮಾತ್ರ ತಕ್ಕಡಿಯನ್ನೂ ಕುಲುಮೆಯನ್ನೂ ಮುಟ್ಟದೆ, ಸುತ್ತಲೂ ನೋಡುವುದು ಎಂಬ ಸಂಸ್ಕೃತದ ಅರ್ಥದಲ್ಲಿ ನಿಂತಿದೆ. ಕನ್ನಡದ ಮಕ್ಕಳು ಟೆಸ್ಟ್ ಬಂದ ಮೇಲೆ ಎರಡನ್ನೂ ಇಟ್ಟುಕೊಂಡು ಅಳತೆಯಂತೆ ಹಂಚಿದರು: ಸಣ್ಣದು ಟೆಸ್ಟ್, ದೊಡ್ಡದು ಪರೀಕ್ಷೆ.

ಮನಸ್ಸನ್ನು ಟೆಸ್ಟ್ ಮಾಡಬಹುದು ಎಂಬ ಮಾತಿಗೆ 1890ರಲ್ಲಿ ಹೆಸರು ಕೊಟ್ಟದ್ದು ಅಮೆರಿಕದ ಜೇಮ್ಸ್ ಕ್ಯಾಟೆಲ್. ಅವನ ‘ಮಾನಸಿಕ ಟೆಸ್ಟು’ಗಳಲ್ಲಿ ಮುಷ್ಟಿ ಎಷ್ಟು ಬಿಗಿ ಎಂದು ನೋಡುವುದೂ ಸೇರಿತ್ತು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸಲೆಂದು ಪ್ರಶ್ನೆಗಳ ಒಂದು ಮಾಲೆ ಕಟ್ಟಿದ. ಅವನ ಮನಸ್ಸಿನಲ್ಲಿ ಇದ್ದದ್ದು ಪುಟ: ಮಗು ಬದಲಾಗಬೇಕು. ಅಟ್ಲಾಂಟಿಕ್ ದಾಟಿದ ಮೇಲೆ ಅದು ಒರೆಯಾಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 17 ಲಕ್ಷ ಜನರನ್ನು ಬುದ್ಧಿಯ ಟೆಸ್ಟಿಗೆ ಕೂರಿಸಿ ದರ್ಜೆ ಹಚ್ಚಿತು. ಆ ಅನುಭವದ ಮೇಲೆಯೇ 1926ರಲ್ಲಿ ಕಾಲೇಜು ಪ್ರವೇಶದ ಎಸ್ಎಟಿ ಬಂತು. ಅದರ ನಡುವಿನ ಅಕ್ಷರ ಮೊದಲು ಹುಟ್ಟುಸಾಮರ್ಥ್ಯವನ್ನು ಸೂಚಿಸುತ್ತಿತ್ತು; 1990ರಲ್ಲಿ ಅದನ್ನು ಮೌಲ್ಯಮಾಪನ ಎಂದು ಬದಲಿಸಿದರು; ಕೆಲವೇ ವರ್ಷಗಳಲ್ಲಿ ಆ ಮೂರು ಅಕ್ಷರಗಳಿಗೆ ಯಾವ ಅರ್ಥವೂ ಇಲ್ಲವೆಂದು ನಡೆಸುವವರೇ ಹೇಳಿಬಿಟ್ಟರು. ಏನನ್ನು ಅಳೆಯುತ್ತಿದ್ದೇವೆಂದು ತಿಳಿಯದಿದ್ದರೂ ಅಳತೆ ಮಾತ್ರ ನಿಲ್ಲಲಿಲ್ಲ.

ಬಿನೆಯ ಮಾಲೆಗೆ ಕನ್ನಡದ ಕೊಂಡಿಯೂ ಇದೆ. ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ತಕ್ಕಂತೆ ಪರಿಷ್ಕರಿಸಿದರು. ಆ ಕೆಲಸದ ಪುಸ್ತಕ 1940ರಲ್ಲಿ ಹೊರಬಂತು. ಮನೆಮಾತು ಕೇಳದೆ ಬುದ್ಧಿ ಅಳೆಯಲಾಗದು ಎಂಬುದನ್ನು ಅಷ್ಟು ಹಿಂದೆಯೇ ಕೈಮುಟ್ಟಿ ಮಾಡಿ ನೋಡಿದವರು ಅವರು. 1994ರಿಂದೀಚೆಗೆ ಕರ್ನಾಟಕದ ಮನೆಗಳಲ್ಲಿ ಟೆಸ್ಟ್ ಎಂಬುದು ‘ಸಿಇಟಿ’ಯ ಕೊನೆಯ ಅಕ್ಷರವಾಗಿ ಅಡಗಿ ಕೂತಿದೆ. ಅದನ್ನು ಯಾರೂ ಟೆಸ್ಟ್ ಎನ್ನುವುದಿಲ್ಲ. ‘ಸಿಇಟಿ ಎಷ್ಟು ರ‍್ಯಾಂಕು?’ ಎಂದು ಕೇಳುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಪದ ದಿಕ್ಕಾಪಾಲಾಗಿ ಓಡಿತು. 1974ರ ಮೇ 18ರಂದು ಪೋಖರಣ್‌ನಲ್ಲಿ ಭಾರತ ಬಾಂಬು ಸಿಡಿಸಿದಾಗ ಅದನ್ನು ಸರ್ಕಾರ ಟೆಸ್ಟ್ ಎನ್ನಲಿಲ್ಲ, ‘ಶಾಂತಿಯುತ ಸ್ಫೋಟ’ ಎಂದಿತು. ತುಮಕೂರು ಸೀಮೆಯ ರಾಜಾ ರಾಮಣ್ಣ ಆ ತಂಡದ ಮುಂದಾಳು. 1998ರಲ್ಲಿ ಮತ್ತೆ ಸಿಡಿಸಿದಾಗ ವಾಜಪೇಯಿ ನೇರವಾಗಿ ಟೆಸ್ಟ್ ಎಂದರು. ಇಪ್ಪತ್ತನಾಲ್ಕು ವರ್ಷಗಳ ರಾಜಕೀಯವೆಲ್ಲ ಒಂದು ಪದವನ್ನು ಬಿಡುವುದರಲ್ಲಿ, ಹಿಡಿಯುವುದರಲ್ಲಿ ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ‘ಟೆಸ್ಟ್ ಟ್ಯೂಬ್ ಬೇಬಿ’ ಲೂಯೀಸ್ ಬ್ರೌನ್ ಹುಟ್ಟಿದಾಗ ಟೆಸ್ಟ್ ಮತ್ತೆ ಪಾತ್ರೆಯಾಯಿತು, ಈ ಬಾರಿ ಗಾಜಿನದು. ನಾವು ಪ್ರನಾಳ ಶಿಶು ಎಂದೆವು. ಗರ್ಭ ಕಟ್ಟಿದ್ದು ನಳಿಗೆಯಲ್ಲಲ್ಲ, ಚಪ್ಪಟೆ ತಟ್ಟೆಯಲ್ಲಿ; ಹೆಸರು ಮಾತ್ರ ನಿಂತಿತು.

ಅರ್ಥ ತಲೆಕೆಳಗಾದದ್ದು ಸಾಫ್ಟ್‌ವೇರಿನಲ್ಲಿ. ಟೆಸ್ಟ್ ಮಾಡಿ ತಪ್ಪು ಇರುವುದನ್ನು ತೋರಿಸಬಹುದೇ ಹೊರತು ಇಲ್ಲದಿರುವುದನ್ನಲ್ಲ ಎಂದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದ ಕೊನೆಯಲ್ಲಿ ಎಚ್ಚರಿಸಿದರು. 1979ರ ತಮ್ಮ ಪುಸ್ತಕದಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಇನ್ನೂ ಮುಂದೆ ಹೋಗಿ, ತಪ್ಪು ಹುಡುಕುವ ಉದ್ದೇಶದಿಂದಲೇ ಪ್ರೋಗ್ರಾಮನ್ನು ಓಡಿಸುವುದು ಟೆಸ್ಟಿಂಗ್ ಎಂದರು. ದೋಷ ಸಿಕ್ಕರೆ ಟೆಸ್ಟ್ ಗೆದ್ದಂತೆ. ಅಕ್ಕಸಾಲಿಗ ಮಣಿಯನ್ನು ನೋಡುತ್ತಿದ್ದ. ಟೆಸ್ಟರ್ ನೋಡುವುದು ಬಟ್ಟಲು ಕುಡಿದ ಕಸವನ್ನು. ಬೆಂಗಳೂರಿನಲ್ಲಿ ‘ಮಗ ಟೆಸ್ಟಿಂಗ್‌ನಲ್ಲಿದ್ದಾನೆ’ ಎಂದರೆ ಸಂಬಳದ ಕೆಲಸ, ಮದುವೆಯ ಮಾತುಕತೆಯಲ್ಲಿ ‘ಡೆವಲಪ್‌ಮೆಂಟ್ ಅಲ್ವಾ?’ ಎಂಬ ಮರುಪ್ರಶ್ನೆಯೂ ಬಂದೀತು.

ಕೋವಿಡ್ ಹಬ್ಬಿದ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಈ ಪದವನ್ನು ಮೂರು ಸಲ ಒತ್ತಿ ಹೇಳಿದ ಮೇಲೆ ಅದು ಹಳ್ಳಿಯ ಜಗಲಿಯನ್ನೂ ತಲುಪಿತು. ‘ಐ ಟೆಸ್ಟೆಡ್ ಪಾಸಿಟಿವ್’ ಎನ್ನುವ ಇಂಗ್ಲಿಷಿನಲ್ಲಿ ಆಗ ಮನುಷ್ಯನೇ ಆ ಕ್ರಿಯಾಪದಕ್ಕೆ ಕರ್ತೃವಾಗಿದ್ದ; ಮೂಗಿಗೆ ಕಡ್ಡಿ ಹಾಕಿಸಿಕೊಂಡವನೇ ಟೆಸ್ಟ್ ಮಾಡಿದವನಂತೆ ವಾಕ್ಯ ಓದಿಸುತ್ತಿತ್ತು. ಕನ್ನಡ ಹೆಚ್ಚು ಪ್ರಾಮಾಣಿಕ. ‘ನಂಗೆ ಪಾಸಿಟಿವ್ ಬಂತು’ ಎಂದೆವು, ಜ್ವರ ಬಂತು, ಮಳೆ ಬಂತು ಎಂಬಂತೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಿನ ಗಲ್ಲಿಗಳಲ್ಲಿ ‘ಗೋಲ್ಡ್ ಟೆಸ್ಟಿಂಗ್’ ಎಂಬ ಫಲಕಗಳಿವೆ. ಪದ ಕೊನೆಗೂ ಬಂಗಾರದ ಅಂಗಡಿಗೆ ಬಂದಿದೆ ಅನ್ನಿಸುತ್ತದೆ. ಒಳಗಿರುವುದು ಎಕ್ಸ್‌ರೇ ಪೆಟ್ಟಿಗೆ. ಬಳೆಯನ್ನು ಒಳಗಿಟ್ಟರೆ ನಿಮಿಷದೊಳಗೆ ಕ್ಯಾರೆಟ್ ಮುದ್ರಿಸಿ ಕೊಡುತ್ತದೆ, ಒಂದು ಗೆರೆಯೂ ಬೀಳುವುದಿಲ್ಲ. ಆದರೆ ಆ ಕಿರಣ ಓದುವುದು ಮೇಲ್ಮೈಯ ತೆಳುಪದರವನ್ನು. 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕಿನ ಕೇಂದ್ರಗಳು ಇಂದಿಗೂ ಒಡವೆಯ ಚೂರೊಂದನ್ನು ಕತ್ತರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಬೂದಿ ಬಣ್ಣದ ಪುಟ್ಟ ಬಟ್ಟಲಿಗಿಟ್ಟು ಕುಲುಮೆಗೆ ತಳ್ಳುತ್ತವೆ. ಅಲ್ಲಿನವರು ಆ ಬಟ್ಟಲನ್ನು ಕ್ಯೂಪೆಲ್ ಎನ್ನುತ್ತಾರೆ. ಸೀಸ ಕುಡಿದ ಮೇಲೆ ಅದು ಮತ್ತೊಮ್ಮೆ ಬಳಕೆಗೆ ಬಾರದು. ಎಸೆದು ಹೊಸದನ್ನು ತೆಗೆದುಕೊಳ್ಳುತ್ತಾರೆ.